ಮಿಯುರಾ ಕಣಿವೆಯ ಅಂಗಳ

ಕೋಯಾಸಾನ್

ಚಿತ್ರದುರ್ಗದ ಕೋಟೆ ಮೆಟ್ಟಿಲಲ್ಲಿ ಜಾರಿ ಬಿದ್ದು ನನ್ನ ಬಲಗಾಲಿನ ಹರಡು ಮುರಿದು ಎರಡು ವರ್ಷವಾಗಿತ್ತು. ಮೂಳೆ ಕೂಡಿಕೊಂಡಿತ್ತು, ಒಳಗೊಂದು ಸ್ಟೀಲ್ ಪಟ್ಟಿ, ನಾಲ್ಕು ಸ್ಕ್ರೂ ಉಳಿದುಕೊಂಡಿದ್ದವು. ಅಷ್ಟಕ್ಕೇ ಮನೆಯವರು, ಕಚೇರಿಯವರು, ಓಣಿಯವರು ಸೇರಿ ನನ್ನನ್ನು ಮುದುಕಿ ಮಾಡಿ ಕೂರಿಸಿಬಿಟ್ಟಿದ್ದರು. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಹೊಲ, ಹಳ್ಳ, ಗುಡ್ಡ ಅಳೆದವಳು ನಾನು. ಬಿದ್ದ ಮೇಲೆ ನನಗೆ ಸಿಕ್ಕಿದ್ದು ಕಿಟಕಿ ಪಕ್ಕದ ಮೇಜು, ಹಳೇ ನಕ್ಷೆಗಳಿಗೆ ನಂಬರು ಬರೆಯುವ ಕೆಲಸ. ನನ್ನ ಕೈಕೆಳಗೆ ಕೆಲಸ ಕಲಿತವರೇ "ಮೇಡಂ, ಫೀಲ್ಡಿಗೆ ನೀವ್ಯಾಕೆ?" ಎನ್ನುವಂತಾಗಿತ್ತು.

ತಮ್ಮ ಪ್ರಸನ್ನ ನಾಗೋಯಾ ಹತ್ತಿರದ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಂಜಿನಿಯರ್. "ಜಪಾನಿಗೆ ಬಾ ಅಕ್ಕ, ಹೂ ಬಿಡೋ ಕಾಲದಲ್ಲಿ ಬಾ" ಎಂದು ಪ್ರತಿ ವರ್ಷ ಕರೆಯುತ್ತಿದ್ದ. ಈ ಸಲ ಒಪ್ಪಿದೆ, ಆದರೆ ಹೂ ಬೇಡ, ಬೆಟ್ಟ ಬೇಕು ಎಂದೆ. ಅವನೇ ಹುಡುಕಿದ ದಾರಿ ಕೊಹೆಚಿ. ಕೋಯಾಸಾನ್ ಎಂಬ ಬೆಟ್ಟದ ಮೇಲಿನ ಮಠಗಳ ಊರಿನಿಂದ ದಕ್ಷಿಣದ ಹೊಂಗು ಎಂಬ ದೇವಸ್ಥಾನದವರೆಗೆ, ಹಳೆಯ ಕಾಲದ ಯಾತ್ರಿಕರು ಕಾಡೊಳಗೆ ಸವೆಸಿದ ದಾರಿ. ನಡುವೆ ಸಾವಿರ ಮೀಟರು ಮುಟ್ಟುವ, ಮೀರುವ ಮೂರು ಕಣಿವೆಗಳು. ನಮ್ಮ ಕಡೆ ಎರಡು ಗುಡ್ಡದ ನಡುವೆ ದಾಟುವ ಜಾಗಕ್ಕೆ ಕಣಿವೆ ಎನ್ನುತ್ತೇವೆ. ಇಲ್ಲಿಯೂ ಅದೇ ಅರ್ಥದಲ್ಲಿ ಬರೆಯುತ್ತಿದ್ದೇನೆ. ದಾರಿಯುದ್ದಕ್ಕೂ ಹಾಳುಬಿದ್ದ ಛತ್ರಗಳು, ಚಹಾ ಅಂಗಡಿಗಳ ಕಲ್ಲುಕಟ್ಟೆಗಳು, ಜನ ಬಿಟ್ಟುಹೋದ ಮನೆಗಳ ಅಡಿಪಾಯಗಳು ಇವೆಯಂತೆ. ಹಾಳು ಕಲ್ಲು ಎಂದರೆ ನನಗೆ ಸಾಕು, ಹುಟ್ಟಿದ್ದೇ ಅಂಥ ಊರಲ್ಲಿ.

ಪ್ರಸನ್ನ, ಅವನ ಹೆಂಡತಿ ರೇಖಾ, ನಾನು, ಮೂವರೂ ಹೊರಟೆವು. ಮೊದಲ ದಿನ ಕೋಯಾಸಾನ್‌ನ ಒಂದು ಮಠದಲ್ಲಿ ತಂಗಿದೆವು. ಈರುಳ್ಳಿ ಬೆಳ್ಳುಳ್ಳಿಯಿಲ್ಲದ, ಮೀನು ಮಾಂಸವಿಲ್ಲದ ಊಟ. ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಹನ್ನೊಂದು ಬಗೆ ಬಂದವು. ಎಲ್ಲ ಸೇರಿಸಿದರೆ ನಮ್ಮೂರ ಮಠದ ದಾಸೋಹದ ಒಂದು ಸೌಟಿಗೆ ಸಮವಾಗುತ್ತಿತ್ತೇನೋ. ಬಡಿಸಿದ ಸನ್ಯಾಸಿ ಮಾತ್ರ ನಮ್ಮ ಬಟ್ಟಲು ಖಾಲಿಯಾಗುವವರೆಗೂ ಮಂಡಿಯೂರಿ ಕೂತಿದ್ದರು. ನಾನೂ ಅವರಂತೆ ಕೂರಲು ಹೋಗಿ, ಹರಡಿನ ಸ್ಕ್ರೂಗಳು ನೆನಪಾಗಿ, ಕಾಲು ಚಾಚಿಬಿಟ್ಟೆ. ಅವರು ಸುಮ್ಮನೆ ಎದ್ದು ಹೋಗಿ ಒಂದು ಗಿಡ್ಡ ಸ್ಟೂಲು ತಂದಿಟ್ಟರು.

ಬೆಳಗ್ಗೆ ಬೂಟಿನ ಲಾಡಿ ಕಟ್ಟುವಾಗ ಪ್ರಸನ್ನನಿಗೆ ಫೋನು ಬಂತು. ಕಾರ್ಖಾನೆಯಲ್ಲಿ ಏನೋ ಕೆಟ್ಟು ಕೆಲಸ ನಿಂತಿದೆ, ಅವನು ಹೋಗಲೇಬೇಕು.

"ಅಕ್ಕ, ಇನ್ನೊಂದ್ಸಲ ಬರೋಣ. ಇವತ್ತು ಮೂರೂ ಜನ ವಾಪಸ್ ಹೋಗ್ಬಿಡೋಣ" ಎಂದ.

"ನೀನು ಹೋಗಪ್ಪ, ನಿನಗೆ ಕೆಲಸ ಇದೆ. ನನಗೇನು ಕೆಲಸ? ನಾನು ನಡೀತೀನಿ."

"ಒಬ್ಳೇನಾ? ಭಾಷೆ ಬರಲ್ಲ ನಿಂಗೆ!"

"ಬೆಟ್ಟದ ಹತ್ರ ಮಾತಾಡೋಕೆ ಯಾವ ಭಾಷೆ ಬೇಕು?"

ಆಗ ರೇಖಾ ಬಾಯಿಬಿಟ್ಟಳು. "ನಾನ್ ಇರ್ತೀನಿ ರೀ. ನೀವು ಹೊರಡಿ."

ರೇಖಾ ಬೆಂಗಳೂರಿನವಳು, ನಲವತ್ತನಾಲ್ಕು ವರ್ಷ, ಜಪಾನಿ ಚೆನ್ನಾಗಿ ಕಲಿತು ಅನುವಾದದ ಕೆಲಸ ಮಾಡುತ್ತಾಳೆ. ಹನ್ನೊಂದು ವರ್ಷದಿಂದ ನನ್ನ ತಮ್ಮನ ಹೆಂಡತಿ. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ. ಜಗಳವಾಡುವಷ್ಟು ಮಾತೇ ಇರಲಿಲ್ಲ. ಫೋನಿನಲ್ಲಿ "ಊಟ ಆಯ್ತಾ ಅತ್ತಿಗೆ?", "ಆಯ್ತಮ್ಮ, ನಿಂದು?" ಎಂಬಲ್ಲಿಗೆ ನಮ್ಮ ಸಂಬಂಧ ಮುಗಿಯುತ್ತಿತ್ತು. ಪ್ರಸನ್ನ ಅವಳನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ. ನನಗೆ ಕೇಳಿಸಿತು. "ಕಾಲು ನೋವು ಅಂದ ತಕ್ಷಣ ಟ್ಯಾಕ್ಸಿ ಹಿಡಿದು ಕರ್ಕೊಂಡ್ ಬಾ. ಅವ್ಳು ಹಠ ಮಾಡ್ತಾಳೆ, ಕೇಳ್ಬೇಡ."

ನಾನು ಆಗಲೇ ತೀರ್ಮಾನಿಸಿದೆ. ಕಾಲು ನೋವು ಎಂಬ ಮಾತು ಈ ನಾಲಿಗೆಯಿಂದ ಹೊರಡುವುದಿಲ್ಲ.

ಓಬಾಕೊ ಕಣಿವೆ

ಹೊರಡುವ ಮೊದಲು ರೇಖಾ ನನ್ನ ಚೀಲಕ್ಕೊಂದು ಹಿತ್ತಾಳೆ ಗಂಟೆ ಕಟ್ಟಿದಳು. ಕರಡಿಗೆ ಎಚ್ಚರಿಕೆಯಂತೆ. ನಮ್ಮ ಜೋಗಿಮಟ್ಟಿ ಕಾಡಿನಲ್ಲೂ ಕರಡಿಗಳಿವೆ. ಸರ್ವೆಗೆ ಹೋದಾಗ ಡಬ್ಬ ಬಡಿದು ಕೂಗು ಹಾಕಿಕೊಂಡು ಹೋಗುತ್ತಿದ್ದೆವು. ಇಲ್ಲಿ ಗಲಾಟೆಯೂ ಮರ್ಯಾದೆಯಿಂದಲೇ. ಎದುರಿಗೆ ಮನುಷ್ಯರು ಬಂದರೆ ಗಂಟೆಯನ್ನು ಕೈಯಲ್ಲಿ ಹಿಡಿದು ಸದ್ದಡಗಿಸಿ, ತಲೆಬಾಗಿ, ದಾಟಿದ ಮೇಲೆ ಬಿಡುತ್ತಾರೆ. ಎರಡು ದಿನದಲ್ಲಿ ಅಂಥವರು ಐದು ಜನ ಸಿಕ್ಕಿರಬಹುದು. ಉಳಿದಂತೆ ಸೀಡರ್ ಮರಗಳು, ಮಂಜು, ಮುಂದೊಂದು ಗಂಟೆ, ಹಿಂದೊಂದು ಗಂಟೆ.

ರೇಖಾ ಅರ್ಧ ಗಂಟೆಗೊಮ್ಮೆ ತಿರುಗಿ ನೋಡುತ್ತಿದ್ದಳು. "ಅತ್ತಿಗೆ, ಕೂತ್ಕೊಳ್ಳೋಣ್ವಾ?"

"ನಿನಗೆ ಸುಸ್ತಾದ್ರೆ ಕೂತ್ಕೋ."

ಅವಳು ಕೂರುತ್ತಿರಲಿಲ್ಲ. ನಾನೂ ಕೂರುತ್ತಿರಲಿಲ್ಲ. ಹೀಗೆ ಹಠಕ್ಕೆ ಬಿದ್ದು ಇಬ್ಬರೂ ಓಮಾತಾ ಎಂಬ ಮೊದಲ ತಂಗುದಾಣಕ್ಕೆ ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ತಲುಪಿ, ಬಾಗಿಲಲ್ಲಿ ಬಾಯಾರಿ ನಿಂತೆವು. ಮನೆಯೊಡತಿ ನಮ್ಮ ಮುಖ ನೋಡಿದ್ದೇ ಸ್ನಾನದ ಕೋಣೆ ತೋರಿಸಿದಳು. ಅಲ್ಲಿ ಬಿಸಿನೀರಿನ ತೊಟ್ಟಿ ಒಂದೇ. ಬಟ್ಟೆಯೆಲ್ಲ ಕಳಚಿ ಎಲ್ಲರೂ ಒಟ್ಟಿಗೆ ಇಳಿಯುವುದು ಪದ್ಧತಿ. ನಾನು ರೇಖಾಳನ್ನು ನೋಡಿದೆ, ರೇಖಾ ಗೋಡೆಯನ್ನು ನೋಡಿದಳು.

"ನೀವು ಮೊದ್ಲು ಹೋಗ್ಬನ್ನಿ ಅತ್ತಿಗೆ" ಎಂದಳು.

ಮನೆಯೊಡತಿಗೆ ಊಟದ ಹೊತ್ತು ಮೀರುತ್ತಿತ್ತು. ಇಬ್ಬರನ್ನೂ ಕೋಳಿಮರಿಗಳಂತೆ ಒಳಗಟ್ಟಿ ಬಾಗಿಲೆಳೆದಳು. ಕೊನೆಗೆ ಒಬ್ಬರಿಗೊಬ್ಬರು ಬೆನ್ನು ಹಾಕಿ ನೀರಿನಲ್ಲಿ ಕೂತೆವು. ಆ ನೀರು ಹರಡಿಗೆ ತಾಕಿದಾಗ ಆದ ಸುಖಕ್ಕೆ ನನಗೇ ಗೊತ್ತಿಲ್ಲದೆ "ಅಯ್ಯಪ್ಪಾ" ಎಂದೆ. ಬೆನ್ನ ಹಿಂದೆ ರೇಖಾ ಕಿಸಕ್ಕನೆ ನಕ್ಕಳು. ಹನ್ನೊಂದು ವರ್ಷದಲ್ಲಿ ಅವಳು ನಕ್ಕದ್ದು ನಾನು ಕೇಳಿದ್ದೇ ಅದು ಮೊದಲು.

ಮರುದಿನ ಓಬಾಕೊ ಕಣಿವೆ. ಏರು ಬೆಳಗಿನಿಂದ ಮಧ್ಯಾಹ್ನದವರೆಗೆ ಮುಗಿಯಲಿಲ್ಲ. ರೇಖಾ ಎರಡು ಕಡೆ ಕವಲಿನಲ್ಲಿ ತಪ್ಪು ದಾರಿ ಹಿಡಿದಳು. ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕೆ ನೋಡುತ್ತಾಳೆಯೇ ಹೊರತು ಗುಡ್ಡ ನೋಡುವುದಿಲ್ಲ. ನನ್ನ ಬಳಿ ಕಾಗದದ ನಕ್ಷೆ ಇತ್ತು, ನೀರಿನ ಹರಿವು ಯಾವ ಕಡೆ ಎಂಬ ಅಂದಾಜಿತ್ತು, ನಡೆಯುವಾಗ ಹೆಜ್ಜೆ ಎಣಿಸುವ ಹಳೇ ಚಾಳಿಯಿತ್ತು. ಇಳಿಯುವಾಗ ಹಳೆಯ ಛತ್ರವೊಂದರ ಜಾಗ ಸಿಕ್ಕಿತು. ಮಂಡಿಯೆತ್ತರದ ಕಲ್ಲುಗೋಡೆ, ಪಾಚಿ, ಒಳಗೆ ಹುಲ್ಲು. ನಮ್ಮ ಕೋಟೆಯ ಯಾವ ಬಂಡೆ ನೋಡಿದರೂ ಬಾಣ ಚುಚ್ಚಿದ ಹೃದಯ, ಒಳಗೆರಡು ಹೆಸರು. ಇಲ್ಲಿ ಒಂದು ಗೀರೂ ಇರಲಿಲ್ಲ. ಆ ಸ್ವಚ್ಛತೆ ನೋಡಿ ಹೊಟ್ಟೆಕಿಚ್ಚಾಯಿತು. ಹಾಗೆಯೇ ಸ್ವಲ್ಪ ಬೇಜಾರೂ ಆಯಿತು. ಇಲ್ಲಿ ಹೆಸರು ಗೀಚಲಿಕ್ಕಾದರೂ ಯಾರಾದರೂ ಬರಬೇಕಲ್ಲ.

ಮಿಯುರಾ ಕಣಿವೆ

ನಡಿಗೆಯ ಮೂರನೆಯ ದಿನ ಮಿಯುರಾಗುಚಿ ಎಂಬ ಹಳ್ಳಿಯಿಂದ ಹೊರಟೆವು. ಹಳ್ಳಿಯಾಚೆ ಹೊಳೆಗೊಂದು ತೂಗುಸೇತುವೆ. ನಡುವೆ ನಿಂತು ರೇಖಾ ಕೆಳಗಿನ ಹಸಿರು ನೀರಿನ ಫೋಟೊ ತೆಗೆಯಲು ಬಾಗಿದಳು. ಅದೇ ಹೊತ್ತಿಗೆ ನಾನು ಹಿಂದಿನಿಂದ ಹೆಜ್ಜೆಯಿಟ್ಟೆ. ಸೇತುವೆ ತೂಗಿತು, ಫೋನು ಹಾರಿತು. ನೀರಿಗೆ ಬಿದ್ದ ಸದ್ದೂ ಮೇಲಕ್ಕೆ ಕೇಳಲಿಲ್ಲ. ನನ್ನ ಫೋನಿನಲ್ಲಿ ಇಲ್ಲಿಯ ಸಿಮ್ ಇರಲಿಲ್ಲ.

"ವಾಪಸ್ ಹೋಗೋಣ ಅತ್ತಿಗೆ. ಫೋನಿಲ್ದೆ ಕಾಡಲ್ಲಿ ನಡೆಯೋದು ಸರಿಯಲ್ಲ" ಎಂದಳು.

"ಯಾತ್ರಿಕರೆಲ್ಲ ಫೋನಿಟ್ಕೊಂಡೇ ನಡೆದ್ರಾ? ನಡಿ."

ಅವಳು ಚೀಲದ ಪಟ್ಟಿ ಬಿಗಿದುಕೊಂಡು ಮುಂದೆ ನಡೆದಳು. ನನ್ನದು ತಪ್ಪು ಎಂದು ಈಗ ಬರೆಯುತ್ತಿದ್ದೇನೆ. ಆಗ ಒಪ್ಪಿರಲಿಲ್ಲ.

ಒಂದೂವರೆ ಗಂಟೆ ಏರಿದ ಮೇಲೆ ದಾರಿ ಪಕ್ಕದಲ್ಲಿ ಹಳೇ ಮನೆಯೊಂದರ ಜಾಗ ಬಂತು. ಬೋರ್ಡು ಇತ್ತು, ಆನೆಗಾತ್ರದ ಸೀಡರ್ ಮರಗಳಿದ್ದವು. ನಡೆಯುವವರೆಲ್ಲ ನಿಂತು ನೋಡುವ ಸ್ಥಳ. ಅಲ್ಲಿ ನೀರು ಕುಡಿದು ಇನ್ನೂ ಆರುನೂರು ಹೆಜ್ಜೆ ಏರಿರಬೇಕು, ಎಡಕ್ಕೆ, ಮೇಲಿನಿಂದ ಪರಕೆಯ ಸದ್ದು ಕೇಳಿತು. ಕಾಡಿನ ನಡುವೆ ಕಸ ಗುಡಿಸುವ ಸದ್ದು! ಮುಖ್ಯ ದಾರಿ ಬಿಟ್ಟು ಸವೆದ ಮೆಟ್ಟಿಲು ಹತ್ತಿದೆವು. ಮೇಲೊಂದು ಸಮತಟ್ಟು ಜಾಗ, ಸಾಲಾಗಿ ನೆಟ್ಟ ಸೀಡರ್ ಮರಗಳು, ನಡುವೆ ನೆಲಮಟ್ಟದ ಅಡಿಪಾಯದ ಕಲ್ಲುಗಳು. ತಲೆಗೆ ಬಿಳಿ ವಸ್ತ್ರ ಕಟ್ಟಿದ ಗಿಡ್ಡ ಮುದುಕಿಯೊಬ್ಬರು ಗುಡಿಸುತ್ತಿದ್ದರು. ನಾನು ಅವರತ್ತ ನೇರ ಹೆಜ್ಜೆ ಹಾಕಿದೆ. ಅವರು ಪರಕೆ ಅಡ್ಡ ಹಿಡಿದು ಏನೋ ಹೇಳಿದರು.

ರೇಖಾ ಅನುವಾದಿಸಿದಳು. "ಅದು ಗೋಡೆಯಂತೆ ಅತ್ತಿಗೆ. ಬಾಗಿಲು ಆ ಕಡೆ ಇದೆಯಂತೆ."

ನಾನು ಹಿಂದೆ ಸರಿದು, ಸುತ್ತಿ ಬಳಸಿ, ಇಲ್ಲದ ಬಾಗಿಲಿನಿಂದ ಒಳಗೆ ಹೋದೆ. ಹೊಸ್ತಿಲ ಚಪ್ಪಡಿಯ ಬಳಿ ಬೂಟು ಕಳಚಬೇಕೋ ಬೇಡವೋ ಎಂದು ಅನುಮಾನಿಸಿದೆ. ಅವರು ಗಟ್ಟಿಯಾಗಿ ನಕ್ಕು ಬೇಡವೆಂದು ಕೈಯಾಡಿಸಿದರು.

ಅವರ ಹೆಸರು ಇಶಿದಾ-ಸಾನ್, ಹೆಸರಿನ ಹಿಂದಿನ ಸಾನ್ ನಮ್ಮ 'ಅವರು' ಇದ್ದಂತೆ. ಎಪ್ಪತ್ತಾರು ವರ್ಷ. ಈ ಮನೆಯಲ್ಲೇ ಹುಟ್ಟಿದ್ದು. ಹನ್ನೆರಡನೆಯ ವಯಸ್ಸಿನಲ್ಲಿ ಇಡೀ ಕುಟುಂಬ ಬೆಟ್ಟ ಇಳಿದು ಪಟ್ಟಣ ಸೇರಿತು. ಹೊರಡುವ ವರ್ಷ ಅವರ ಅಪ್ಪ ಮನೆ ಬಿಚ್ಚಿ, ಕೋಣೆ ಕೋಣೆಯಲ್ಲೂ ಸೀಡರ್ ಸಸಿ ನೆಟ್ಟರಂತೆ. ಈಗ ಇಶಿದಾ-ಸಾನ್ ಒಸಾಕಾದಲ್ಲಿ ಒಬ್ಬರೇ ಇರುತ್ತಾರೆ, ವರ್ಷಕ್ಕೆರಡು ಸಲ ಬಸ್ಸು ಹಿಡಿದು ಬಂದು ಅಂಗಳ ಗುಡಿಸುತ್ತಾರೆ. ಬಂದ ಕೂಡಲೇ "ತದಾಯಿಮಾ" ಎಂದು ಕೂಗುತ್ತಾರಂತೆ. ಮನೆಗೆ ಬಂದೆ ಎಂದರ್ಥ.

"ಯಾರಾದ್ರೂ ಉತ್ತರ ಕೊಡ್ತಾರಾ ಕೇಳು" ಎಂದೆ. ರೇಖಾ ಕೇಳಲು ಸಂಕೋಚಪಟ್ಟಳು, ನಾನು ಒತ್ತಾಯಿಸಿದೆ.

ಇಶಿದಾ-ಸಾನ್ ಒಂದು ದಪ್ಪ ಮರ ತೋರಿಸಿದರು. ಅದು ಅಡುಗೆಮನೆಯಲ್ಲಿ ನೆಟ್ಟ ಮರ. "ಅಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಆಗಲೂ ಉತ್ತರ ಬರುತ್ತಿರಲಿಲ್ಲ" ಎಂದರು.

ನಮ್ಮನ್ನು ನಡುಮನೆಯಲ್ಲಿ ಕೂರಿಸಿ ಫ್ಲಾಸ್ಕಿನಿಂದ ಹಸಿರು ಚಹಾ ಬಗ್ಗಿಸಿದರು. ನಾನು ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದೆ. ಅವರು ಅನ್ನದ ಉಂಡೆಗೆ ಹಚ್ಚಿಕೊಂಡು, ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದರು. ನನ್ನ ಕೆಲಸ ಏನೆಂದು ಕೇಳಿದರು. ನೆಲ ಅಳೆಯುವುದು ಎಂದೆ. ಇಂಥ ಜಾಗಕ್ಕೆ ನಿಮ್ಮ ನಕ್ಷೆಯಲ್ಲಿ ಏನೆಂದು ಬರೆಯುತ್ತೀರಿ ಎಂದರು. "ಪಾಳು" ಎಂದು ಬರೆಯುತ್ತೇವೆ. ಕಾಲುವೆಗೆ ಜಾಗ ಬಿಟ್ಟುಕೊಡಬೇಕಾದ ಹಳ್ಳಿಗಳ ಸರ್ವೆಯಲ್ಲಿ ಎಷ್ಟೋ ಮನೆಗಳ ಮೇಲೆ ಆ ಎರಡಕ್ಷರ ಬರೆದು ಮುಂದೆ ಹೋಗಿದ್ದೇನೆ. ಅದನ್ನು ಅವರಿಗೆ ಹೇಳಿಸಲು ಮನಸ್ಸಾಗಲಿಲ್ಲ. "ಗೊತ್ತಿಲ್ಲ ಅನ್ನು" ಎಂದೆ.

ಫ್ಲಾಸ್ಕು ಖಾಲಿಯಾಗಿ, ನಮಗೆ ಕುಡಿಯಲೆಂದು ಅವರು ಹಿತ್ತಲಿನ ಒರತೆಯ ನೀರು ತರಲು ಎದ್ದರು. ನಾನು ಬರುತ್ತೇನೆಂದರೂ ಬಿಡಲಿಲ್ಲ, ಅತಿಥಿಗಳು ಕೂರಬೇಕಂತೆ. ಎರಡು ನಿಮಿಷದಲ್ಲಿ ಕಲ್ಲು ಉರುಳಿದ ಸದ್ದು, ಒಂದು ಸಣ್ಣ ಕೂಗು. ಓಡಿಹೋಗಿ ನೋಡಿದರೆ, ಹಿತ್ತಲಿನ ಕಲ್ಲುಕಟ್ಟೆ ಜರಿದು, ಆಳೆತ್ತರದ ಕೆಳಗೆ ಇಶಿದಾ-ಸಾನ್ ಬಿದ್ದಿದ್ದರು.

ಎಡಗಾಲಿನ ಪಾದ ಹೊರಕ್ಕೆ ತಿರುಗಿತ್ತು. ಕಾಲು ತೊಡೆಯ ಹತ್ತಿರವೇ ಮುರಿದಿದೆ ಎನಿಸಿತು. ಬಿದ್ದವರನ್ನು ಎಬ್ಬಿಸಿ ಕೂರಿಸುವ ತಪ್ಪನ್ನು ಕೋಟೆಯಲ್ಲಿ ನನ್ನ ವಿಷಯದಲ್ಲಿ ಮಾಡಿದ್ದರು. ಅದರ ನೋವು ನನಗೆ ಗೊತ್ತಿತ್ತು. "ಅಲುಗಿಸ್ಬೇಡ" ಎಂದು ಕೂಗಿದೆ. ನಮ್ಮಿಬ್ಬರ ಮಳೆಕೋಟು, ಸ್ವೆಟರು ಎಲ್ಲ ಅವರ ಮೇಲೆ ಹೊದಿಸಿದೆವು. ಅವರ ಬಳಿ ಫೋನಿರಲಿಲ್ಲ. ಬೆಟ್ಟದಲ್ಲಿ ಹೇಗೂ ಸಿಗ್ನಲ್ ಸಿಗುವುದಿಲ್ಲವೆಂದು ತರುತ್ತಿರಲಿಲ್ಲವಂತೆ. ಮುಖ ಬಿಳಿಚಿಕೊಂಡಿತ್ತು, ಕಣ್ಣು ಮುಚ್ಚಿಮುಚ್ಚಿ ಹೋಗುತ್ತಿತ್ತು. ರೇಖಾಳ ಕೈ ಹಿಡಿದವರು ಬಿಡುತ್ತಿರಲಿಲ್ಲ.

"ನಾನ್ ಹೋಗ್ತೀನಿ ಅತ್ತಿಗೆ, ನಿಮ್ ಕಾಲಲ್ಲಿ ಇಳಿಯಕ್ಕಾಗಲ್ಲ."

"ನೀನು ಕವಲಿನಲ್ಲಿ ದಾರಿ ತಪ್ಪಿದ್ರೆ? ಇವರ ಜೊತೆ ಮಾತಾಡೋರು ಬೇಕು. ನಿದ್ದೆ ಹೋಗೋಕೆ ಬಿಡ್ಬೇಡ. ಅದು ನನ್ನಿಂದ ಆಗಲ್ಲ, ಇಳಿಯೋದು ಆಗುತ್ತೆ."

ಅವಳು ಅಳತೆ ಬರೆದಿಡಲು ನಾನು ಸದಾ ಇಟ್ಟುಕೊಳ್ಳುವ ಫೀಲ್ಡ್ ಬುಕ್ಕಿನಲ್ಲಿ ಜಪಾನಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟು, "ಹುಷಾರು ಅತ್ತಿಗೆ" ಎಂದಳು.

ಮಿಯುರಾಗುಚಿ

ಇಳಿಯುವುದು ಏರುವುದಕ್ಕಿಂತ ಕಷ್ಟ ಎಂದು ಮುರಿದ ಕಾಲಿಗೆ ಮಾತ್ರ ಗೊತ್ತು. ತುಂತುರು ಶುರುವಾಗಿತ್ತು, ಹಾಸುಗಲ್ಲುಗಳು ಸಾಬೂನು ಹಚ್ಚಿದಂತಿದ್ದವು. ಪ್ರತಿ ಹೆಜ್ಜೆಗೂ ಎಡಗಾಲು ಮೊದಲು, ಕೋಲು ಆಮೇಲೆ, ಬಲಗಾಲು ಕೊನೆಗೆ. ಓಡುವ ಆಸೆಯಾಗುತ್ತಿತ್ತು. ಓಡಿದರೆ ಬೀಳುತ್ತೀಯ, ಬಿದ್ದರೆ ಮೂರು ಜನ ಹೋದಿರಿ ಎಂದು ನನಗೆ ನಾನೇ ಗದರಿಕೊಂಡೆ. ಹೆಜ್ಜೆ ಎಣಿಸತೊಡಗಿದೆ. ಎಣಿಕೆ ತಪ್ಪದಿದ್ದರೆ ತಲೆ ಕೆಡುವುದಿಲ್ಲ. ಎರಡು ಸಾವಿರ ದಾಟುವಾಗ ಬಲಹರಡಿನಲ್ಲಿ ಏನೋ ಹೊರಳಿ ಕಣ್ಣು ಕತ್ತಲೆ ಬಂತು. ಮರಕ್ಕೊರಗಿ ಹತ್ತು ಉಸಿರು ನಿಂತು, ಎಣಿಕೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದೆ. ಫೋನಿಲ್ಲದೆ ನಡೆಸಿದ್ದು ಯಾರು ಎಂಬ ಪ್ರಶ್ನೆಯೂ ಜೊತೆಯಲ್ಲೇ ಇಳಿಯುತ್ತಿತ್ತು.

ತೂಗುಸೇತುವೆ ದಾಟಿ ಹಳ್ಳಿ ಸೇರಿದಾಗ ಗೆದ್ದೆ ಎಂದುಕೊಂಡೆ. ನಿಜವಾದ ಕಷ್ಟ ಅಲ್ಲಿತ್ತು. ನಾವು ತಂಗಿದ್ದ ಮನೆಗೆ ಬೀಗ. ಪಕ್ಕದ ಮನೆಯ ಕಿಟಕಿಗಳಿಗೆ ಹಲಗೆ ಹೊಡೆದಿತ್ತು. ಮೂರನೆಯದರ ಅಂಗಳದಲ್ಲಿ ಹೂಕುಂಡಗಳಿದ್ದವು. "ಸುಮಿಮಾಸೆನ್! ಸುಮಿಮಾಸೆನ್!", ಕ್ಷಮಿಸಿ ಕ್ಷಮಿಸಿ, ಎಂದು ಬಾಗಿಲು ಬಡಿದೆ, ಒಳಗೆ ಯಾರೂ ಇಲ್ಲ. ನಾಲ್ಕನೆಯದರ ಮಾಡೇ ಕುಸಿದಿತ್ತು. ನಮ್ಮ ಹಳ್ಳಿಗಳಲ್ಲಿ ಒಂದು ಕೂಗು ಹಾಕಿದರೆ ಬೇಡವೆಂದರೂ ಇಪ್ಪತ್ತು ಜನ ಸೇರುತ್ತಾರೆ, ಮೂವತ್ತು ಸಲಹೆ ಕೊಡುತ್ತಾರೆ. ಆ ಗದ್ದಲವನ್ನು ಜೀವಮಾನವಿಡೀ ಬೈದವಳು ಅಂದು ಅದಕ್ಕಾಗಿ ಅಳುವಂತಾದೆ. ಆರನೆಯ ಬಾಗಿಲಲ್ಲಿ ಕನ್ನಡದಲ್ಲೇ ಕಿರುಚಿದೆ. "ಯಾರಾದ್ರೂ ಇದ್ದೀರೇನ್ರೀ!"

ಆಗ ಕೆಳಗಿನ ಗದ್ದೆಯ ಕಡೆಯಿಂದ ಮೋಟರಿನ ಗುಯ್ ಸದ್ದು ಕೇಳಿತು. ಒಬ್ಬ ಹಿರಿಯರು ಹುಲ್ಲು ಕತ್ತರಿಸುವ ಯಂತ್ರ ಹಿಡಿದು ಬದು ಸವರುತ್ತಿದ್ದರು. ಕಿವಿಗೆ ಮುಚ್ಚಳ, ಬೆನ್ನು ನನ್ನ ಕಡೆ. ಕೂಗಿ ಪ್ರಯೋಜನವಿರಲಿಲ್ಲ. ಕೆಸರಿಗಿಳಿದು, ಸುತ್ತಿ ಹೋಗಿ ಅವರ ಎದುರಿಗೆ ಎರಡೂ ಕೈಯೆತ್ತಿ ನಿಂತೆ. ಅವರು ಬೆಚ್ಚಿಬಿದ್ದು ಯಂತ್ರ ಆರಿಸಿದರು. ಅವರ ಹೆಸರು ಕುಬೋ-ಸಾನ್ ಎಂದು ಆಮೇಲೆ ತಿಳಿಯಿತು.

ರೇಖಾಳ ಬರಹ ತೋರಿಸಿದೆ. ಓದಿದರು. ಕೂಡಲೇ ಜೇಬಿನಿಂದ ಫೋನು ತೆಗೆದು ಮಾತಾಡತೊಡಗಿದರು. ನನಗೆ ಮಾತು ತಿಳಿಯದಿದ್ದರೂ ಅವರ ಕೈ ತಿಳಿಯಿತು. ದೊಡ್ಡ ಮರಗಳ ಗಾತ್ರವನ್ನು ತೋಳಗಲಿಸಿ ವಿವರಿಸುತ್ತಿದ್ದರು. ಅವರು ಹೇಳುತ್ತಿದ್ದುದು ದಾರಿ ಪಕ್ಕದ, ಬೋರ್ಡಿರುವ ಹಾಳುಮನೆ. ಹಳೇ ಮನೆಯ ಜಾಗ ಎಂದಷ್ಟೇ ರೇಖಾ ಬರೆದಿರಬೇಕು. ಆ ಗಾಬರಿಯಲ್ಲಿ ಬೇರೇನು ಹೊಳೆದೀತು? ಜನ ಅಲ್ಲಿಗೆ ಹೋಗಿ, ಹುಡುಕಿ, ಇಲ್ಲವೆಂದು ತಿರುಗಿದರೆ?

"ಅದಲ್ಲ, ಅದಲ್ಲ!" ಎಂದು ಅವರ ತೋಳು ಹಿಡಿದೆ. ಫೀಲ್ಡ್ ಬುಕ್ಕು ಕಸಿದು ಬದುವಿನ ಮೇಲೆ ಕೂತೆ. ಮೂವತ್ತು ವರ್ಷದ ಕೆಲಸ ನನ್ನ ಕೈಯಲ್ಲಿ ತಾನೇ ಎದ್ದು ಬಂತು. ಹೊಳೆ ಎಳೆದೆ, ಸೇತುವೆ ಎಳೆದೆ, ಏರುದಾರಿಯ ತಿರುವುಗಳನ್ನು ಎಳೆದೆ. ದಾರಿ ಪಕ್ಕದ ಮನೆಗೊಂದು ಚೌಕ, ಮರಗಳು. ಅಲ್ಲಿಂದ ಮೇಲೆ 600 ಎಂದು ಬರೆದು ಎರಡು ಪಾದದ ಗುರುತು ಹಾಕಿದೆ. ಎಡಕ್ಕೆ ಮೆಟ್ಟಿಲು, ಸಮತಟ್ಟು, ಸಾಲುಮರ, ಹಿತ್ತಲಿನ ಒರತೆ, ಜರಿದ ಕಲ್ಲುಕಟ್ಟೆ. ಅದರ ಕೆಳಗೆ ಮಲಗಿದ ಒಬ್ಬ ಹೆಂಗಸು.

ಕುಬೋ-ಸಾನ್ ಬಗ್ಗಿ ನೋಡಿದರು. ಅವರ ಬೆರಳು ಹೊಳೆಯಿಂದ ಹೊರಟು, ನನ್ನ ಗೆರೆಯ ಮೇಲೆಯೇ ನಡೆದು, ಮೆಟ್ಟಿಲು ಹತ್ತಿ ನಿಂತಿತು. "ಇಶಿದಾ!" ಎಂದರು. ಮತ್ತೆ ಫೋನಿಗೆ ಬಾಯಿಟ್ಟು ಹೇಳಿದ ಮಾತಿನಲ್ಲಿ ನನಗೆ ಎರಡೇ ಪದ ಗೊತ್ತಾದವು. ಇಶಿದಾ, ಇಯೆ. ಇಯೆ ಎಂದರೆ ಮನೆ.

ಅರ್ಧ ಗಂಟೆಯಲ್ಲಿ ಸುತ್ತಲಿನ ಊರುಗಳ ಸ್ವಯಂಸೇವಕ ಅಗ್ನಿಶಾಮಕ ತಂಡದ ಆರು ಜನ ಸ್ಟ್ರೆಚರು ಹೊತ್ತು ಬಂದರು. ಅತಿ ಕಿರಿಯವರಿಗೇ ಐವತ್ತು ದಾಟಿರಬೇಕು. ಮಂಜಿಗೆ ಹೆಲಿಕಾಪ್ಟರ್ ಬರುವಂತಿರಲಿಲ್ಲ. ನನಗೆ ಇಲ್ಲೇ ಕೂರಿ ಎಂದು ಸನ್ನೆ ಮಾಡಿದರು. ನಾನು ಒಲ್ಲೆನೆಂದು ತಲೆಯಾಡಿಸಿ ಸೇತುವೆಯ ಕಡೆ ನಡೆದೆ. ಮೇಲೆ ರೇಖಾ ಇದ್ದಳು. ಅವಳನ್ನು ಬಿಟ್ಟು ಕೆಳಗೆ ಕೂರುವ ಹೆಂಗಸು ನಾನಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿ, ನನ್ನ ಚೀಲವನ್ನು ಕಿತ್ತು ತಮ್ಮ ಬೆನ್ನಿಗೇರಿಸಿಕೊಂಡರು.

ನಾನು ಅವರಿಗಿಂತ ಬಹಳ ಹಿಂದೆ ಬಿದ್ದೆ. ಮೆಟ್ಟಿಲ ಬುಡ ಮುಟ್ಟುವಾಗ ಮೇಲಿನಿಂದ ಹಾಡು ಕೇಳಿಸಿತು. ಮಕ್ಕಳ ಜಪಾನಿ ಹಾಡು, ರೇಖಾಳ ಧ್ವನಿ, ಜೊತೆಗೊಂದು ಒಡಕು ಧ್ವನಿ. ತಂಡದವರು ಆಗಲೇ ಕಾಲಿಗೆ ಹಲಗೆ ಕಟ್ಟುತ್ತಿದ್ದರು. ಅವರು ಬರುವವರೆಗೆ, ಮೂರು ಗಂಟೆಗೂ ಹೆಚ್ಚು ಹೊತ್ತು, ಅವಳು ಇಶಿದಾ-ಸಾನ್ ಕಣ್ಣು ಮುಚ್ಚದಂತೆ ಮಾತಾಡಿಸಿದ್ದಳು, ಕೋಣೆ ಕೋಣೆಯ ಕಥೆ ಹೇಳಿಸಿದ್ದಳು, ಕಥೆ ಮುಗಿದಾಗ ಹಾಡಿಸಿದ್ದಳು. ತೆಳ್ಳನೆಯ ಅಂಗಿಯಲ್ಲಿ ಮಳೆಗೆ ನೆನೆದು ನಡುಗುತ್ತಿದ್ದಳು. ನನ್ನನ್ನು ನೋಡಿದ್ದೇ ಎದ್ದು ಬಂದು ತಬ್ಬಿಕೊಂಡು ಅತ್ತಳು.

"ಬರ್ತೀರೋ ಇಲ್ವೋ ಅಂತ... ನೀವೂ ಎಲ್ಲೋ ಬಿದ್ದಿದ್ದೀರಿ ಅಂತ..."

"ತಪ್ಪು ನಂದು ರೇಖಾ. ಬೆಳಗ್ಗೆ ನಿನ್ನ ಮಾತು ಕೇಳ್ಬೇಕಿತ್ತು."

"ಕೇಳಿದ್ರೆ ಇವರು ಇಲ್ಲಿ ಒಬ್ರೇ ಬಿದ್ದಿರ್ತಿದ್ರು" ಎಂದು ಮೂಗೊರೆಸಿಕೊಂಡಳು.

ಸ್ಟ್ರೆಚರಿಗೆ ಕಟ್ಟುವಾಗ ಇಶಿದಾ-ಸಾನ್ ನೋವಿಗೆ ಹಲ್ಲು ಕಚ್ಚಿದರೇ ಹೊರತು ಕೂಗಲಿಲ್ಲ. ಹೊತ್ತವರು ಹತ್ತಿರದ ದಾರಿಯೆಂದು ಅಡಿಪಾಯದ ಕಲ್ಲಿನ ಮೇಲೆ ಹಾಯಲು ಹೋದರು. ಇಶಿದಾ-ಸಾನ್ ಮಲಗಿದಲ್ಲಿಂದಲೇ ಗದರಿದರು. ಆರು ಗಂಡಸರು ಸುತ್ತಿ ಹೋಗಿ, ಬಾಗಿಲಿನಿಂದಲೇ ಅವರನ್ನು ಹೊರಗೆ ಕರೆದೊಯ್ದರು.

ಮತ್ತೆ ಮಿಯುರಾ, ಆಮೇಲೆ ಹಾತೆನಾಶಿ

ಅಂದು ಸಂಜೆ ಮಿಯುರಾಗುಚಿಯ ಅದೇ ತಂಗುದಾಣದ ಫೋನಿನಿಂದ ಪ್ರಸನ್ನನಿಗೆ ವಿಷಯ ಹೇಳಿದೆವು. ಅವನ ಕೂಗಾಟ ನನಗೂ ಕೇಳಿಸುತ್ತಿತ್ತು. ನನ್ನ ಹರಡು ಬದನೆಕಾಯಿಯಾಗಿತ್ತು. ಕುಬೋ-ಸಾನ್ ಮರುದಿನ ತಮ್ಮ ಪುಟ್ಟ ಟ್ರಕ್ಕಿನಲ್ಲಿ ಬೆಟ್ಟ ಬಳಸಿ ಬಸ್ಸಿರುವ ಊರಿಗೆ ಬಿಡುತ್ತೇನೆಂದಿದ್ದರು. ಇನ್ನು ಹಠ ಮಾಡುವ ಹಕ್ಕು ನನಗಿಲ್ಲವೆಂದು ಸುಮ್ಮನೆ ಐಸು ಒತ್ತಿಕೊಂಡು ಕೂತಿದ್ದೆ.

ರೇಖಾ ಫೋನಿನಲ್ಲಿ ಹೇಳುತ್ತಿದ್ದಳು. "ಇಲ್ಲ ರೀ, ನಾಳೆ ರೆಸ್ಟ್ ಮಾಡ್ತೀವಿ. ನಾಳಿದ್ದು ಊತ ಇಳಿದ್ರೆ ನಡೀತೀವಿ. ಇನ್ನೂ ಎರಡು ಕಣಿವೆ ಇದೆ." ಆ ಕಡೆಯಿಂದ ಏನೋ ಬಂತು. "ಅತ್ತಿಗೆ ಹಠ ಅಲ್ಲ, ನಂದೇ" ಎಂದು ಇಟ್ಟುಬಿಟ್ಟಳು.

ಊತ ಪೂರ್ತಿ ಇಳಿಯಲಿಲ್ಲ, ಬೂಟು ಹಿಡಿಸುವಷ್ಟು ಇಳಿಯಿತು. ಒಂದು ದಿನದ ವಿಶ್ರಾಂತಿಯ ಮರು ಬೆಳಗ್ಗೆ, ಹಳ್ಳಿಯಿಂದ ಸಾಲ ತಂದ ಫೋನು ಜೇಬಿನಲ್ಲಿಟ್ಟುಕೊಂಡು, ಅದೇ ಸೇತುವೆ ದಾಟಿ ಅದೇ ಏರು ಹತ್ತಿದೆವು. ಪರಕೆ ಬಿದ್ದಲ್ಲೇ ಇತ್ತು. ಇಬ್ಬರೂ ಸೇರಿ ಉಳಿದರ್ಧ ಅಂಗಳ ಗುಡಿಸಿದೆವು. ಕಣಿವೆಯ ನೆತ್ತಿಯಲ್ಲಿ ನೋಡಲು ಏನೂ ಇರಲಿಲ್ಲ, ಒಂದು ಬೋರ್ಡು, ಮಂಜು. ಆದರೂ ಅಲ್ಲಿ ಮೊದಲ ಸಲ ನಾನೇ ಕೇಳಿದೆ. "ಕೂತ್ಕೊಳ್ಳೋಣ್ವಾ ರೇಖಾ?" ಅರ್ಧ ಗಂಟೆ ಕೂತೆವು.

ಆಚೆ ಇಳಿದು ರಾತ್ರಿ ಕಳೆದ ಮೇಲೆ ಕೊನೆಯ ಕಣಿವೆ, ಹಾತೆನಾಶಿ. ಹಾಗೆಂದರೆ ಕೊನೆಯಿಲ್ಲದ್ದು ಎಂದರ್ಥವಂತೆ. ಹೆಸರಿಟ್ಟವರು ಸುಳ್ಳು ಹೇಳಿಲ್ಲ. ಅದರ ಏರು ಇಳಿತದುದ್ದಕ್ಕೂ ಕರುಣೆಯ ದೇವತೆ ಕನ್ನೋನ್‌ಳ ಮೂವತ್ತಮೂರು ಕಲ್ಲುಮೂರ್ತಿಗಳಿವೆ. ನಾವು ಹೋಗುವ ದಿಕ್ಕಿನಲ್ಲಿ ಮೂವತ್ತಮೂರರಿಂದ ಶುರುವಾಗಿ ಒಂದಕ್ಕೆ ಇಳಿಯುತ್ತವೆ. ಇಪ್ಪತ್ತೆಂಟರ ಹೊತ್ತಿಗೆ ನೋವು ಮಂಡಿಗೆ ಏರಿತು. ಇಪ್ಪತ್ತರಲ್ಲಿ ನಾನು "ಕಾಲು ನೋವು" ಎಂದೆ. ಹೇಳಿದ ಮೇಲೆ ಹಗುರಾಯಿತು. ರೇಖಾ ಟ್ಯಾಕ್ಸಿ ಎನ್ನಲಿಲ್ಲ. ಬೂಟು ಬಿಚ್ಚಿಸಿ, ಹರಡಿಗೆ ಬಿಗಿಯಾಗಿ ಬಟ್ಟೆ ಸುತ್ತಿ, "ಮುಂದಿನ ಮೂರ್ತಿ ತನಕ ನೋಡೋಣ" ಎಂದಳು. ಹತ್ತೊಂಬತ್ತರ ತನಕ ನೋಡಿದೆವು. ಹದಿನೆಂಟರ ತನಕ ನೋಡಿದೆವು. ಹೀಗೆ ನೋಡುತ್ತ ನೋಡುತ್ತ, ಬೆಳಗ್ಗೆ ಆರಕ್ಕೆ ಹೊರಟವರು ಮಧ್ಯಾಹ್ನ ಮೂರಕ್ಕೆ ಒಂದನೆಯ ಮೂರ್ತಿಯ ಮುಂದೆ ನಿಂತು, ಇಬ್ಬರೂ ಕೈಮುಗಿದೆವು.

ಹೊಂಗು

ಹೊಂಗುವಿನಲ್ಲಿ ಪ್ರಸನ್ನ ಕಾರು ತಂದು ಕಾಯುತ್ತಿದ್ದ. ಬೈಯಲು ತಯಾರಾಗಿ ಬಂದವನು ನಮ್ಮಿಬ್ಬರ ಅವತಾರ ನೋಡಿ ನೀರಿನ ಬಾಟಲಿ ಕೊಟ್ಟ.

ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋಗಿಬಂದು, ಕೊನೆಗೆ ಹೊಳೆದಂಡೆಗೆ ನಡೆದೆವು. ದೇವಸ್ಥಾನ ಮೊದಲಿದ್ದದ್ದು ಅಲ್ಲಿಯಂತೆ. ಹಿಂದೊಮ್ಮೆ ಪ್ರವಾಹ ಬಂದು ಬಹುಪಾಲು ಗುಡಿಗಳು ಕೊಚ್ಚಿಹೋದವು. ಈಗಿರುವುದು ದೊಡ್ಡ ಮಹಾದ್ವಾರ, ಅದರೊಳಗೆ ಮರಗಳು ಸುತ್ತುವರಿದ ಹುಲ್ಲುಬಯಲು, ಕಲ್ಲಿನ ಜಗಲಿ. ಬಂದವರೆಲ್ಲ ದ್ವಾರದ ಬಳಿ ನಿಂತು ಬಾಗಿ, ಆಮೇಲೆ ಒಳಗೆ ಕಾಲಿಡುತ್ತಿದ್ದರು.

ಹುಲ್ಲಿನ ಅಂಚಿನಲ್ಲಿ ಕೂತು ರೇಖಾ ಪ್ರಸನ್ನನ ಫೋನಿನಿಂದ ಆಸ್ಪತ್ರೆಗೆ ಕರೆ ಮಾಡಿದಳು. ನರ್ಸು, ಇನ್ನೊಬ್ಬ ನರ್ಸು, ಕೊನೆಗೆ ಇಶಿದಾ-ಸಾನ್. ಶಸ್ತ್ರಚಿಕಿತ್ಸೆ ಆಗಿತ್ತು. ತೊಡೆಗೆ ಉದ್ದನೆಯ ಸ್ಟೀಲು ಹಾಕಿದ್ದರು.

"ಹಾತೆನಾಶಿ ಎಷ್ಟು ಹೊತ್ತಾಯ್ತು ಅಂತ ಕೇಳ್ತಿದಾರೆ ಅತ್ತಿಗೆ."

"ಒಂಬತ್ತು ಗಂಟೆ ಅನ್ನು."

ಆ ಕಡೆಯಿಂದ ನಗು ನನಗೂ ಕೇಳಿಸಿತು. ರೇಖಾಳೂ ನಗುತ್ತ ಅನುವಾದಿಸಿದಳು. "ತಮ್ಮ ಅಪ್ಪ ಅಕ್ಕಿಮೂಟೆ ಹೊತ್ಕೊಂಡು ಅದರ ಅರ್ಧದಲ್ಲಿ ದಾಟ್ತಿದ್ರಂತೆ. ಮುಂದಿನ ವರ್ಷ ಕಾಲು ಸರಿ ಆಗಿರುತ್ತಂತೆ, ಹಿತ್ತಲಿನ ಕಟ್ಟೆ ಮತ್ತೆ ಕಟ್ಬೇಕಂತೆ. ಕಲ್ಲು ಜೋಡಿಸೋಕೆ ಅಳತೆ ಗೊತ್ತಿರೋರು ಬೇಕಂತೆ."

ನಾನು ಬೂಟಿನೊಳಗೆ ಬೆರಳಾಡಿಸಿ ನೋಡಿದೆ. ನೋಯುತ್ತಿತ್ತು, ಆದರೆ ಆಡುತ್ತಿತ್ತು.

"ಬರ್ತೀನಿ ಅಂತ ಹೇಳು" ಎಂದೆ.

ರೇಖಾ ಜಪಾನಿಯಲ್ಲಿ ಏನೋ ಹೇಳಿ, ಕೂತಲ್ಲೇ ಫೋನಿಗೆ ತಲೆಬಾಗಿ, ಕರೆ ಮುಗಿಸಿದಳು.

"ಹೇಳ್ದೆಯಾ?"

"ಹೇಳ್ದೆ" ಎಂದಳು. "ಬರ್ತೀವಿ ಅಂತ ಹೇಳ್ದೆ."